ಪವರ್ ಪ್ರೆಸ್ ಮುಂದೆ ‘ಹುಷಾರಾಗಿರು’ ಅಂದರೆ ಸಾಲದು

ಪವರ್ ಪ್ರೆಸ್ ಮೆಷಿನ್ನಿನಲ್ಲಿ ಲೋಹದ ಹಾಳೆ ಒತ್ತಿ ಬಿಡಿಭಾಗ ಮಾಡುವ ಪೀಣ್ಯದ ಸಣ್ಣ ಪ್ರೆಸ್ ಶಾಪ್‌ಗಳಿಗೆ ಸುರಕ್ಷತಾ ತಪಾಸಣೆಗೆ ಹೋಗುವುದು ನನ್ನ ಕೆಲಸ. ನಮ್ಮ ಕಂಪನಿಗೆ ಬ್ರಾಕೆಟ್, ವಾಷರ್, ಕ್ಲ್ಯಾಂಪ್ ಮಾಡಿಕೊಡುವ ವೆಂಡರ್‌ಗಳು ಇವರು. ಅಲ್ಲಿ ಯಾರಿಗಾದರೂ ಬೆರಳು ಹೋದರೆ ವರದಿ ನನ್ನ ಮೇಜಿಗೆ ಬರುತ್ತದೆ. ಕಾರಣ ಬರೆಯುವ ಜಾಗದಲ್ಲಿ ಹೆಚ್ಚಾಗಿ ಒಂದೇ ಸಾಲು: ಆಪರೇಟರ್ ಗಮನ ಕೊಡಲಿಲ್ಲ. ಇದನ್ನು ನಾನು ಒಪ್ಪುವುದಿಲ್ಲ, ವರದಿಯನ್ನು ವಾಪಸ್ ಕಳಿಸುತ್ತೇನೆ. ಒಂದು ಶಿಫ್ಟ್‌ನಲ್ಲಿ ಸಾವಿರಾರು ಸ್ಟ್ರೋಕ್, ಅಂದರೆ ಪ್ರೆಸ್‌ನ ಏಟು, ಪ್ರತಿ ಸಲವೂ ಅದೇ ಕೈ, ಅದೇ ಕಾಲು. ಅಷ್ಟರಲ್ಲಿ ಒಮ್ಮೆಯೂ ಗಮನ ತಪ್ಪದ ಮನುಷ್ಯ ಎಲ್ಲಿದ್ದಾನೆ? ಪೀಸ್‌ಗೆ ಆಕಾರ ಕೊಡುವ ಅಚ್ಚಾದ ಡೈ ಒಳಗೆ ಕೈ ಹೋಗಬೇಕಾದ ಅಗತ್ಯ ಏಕೆ ಬಂತು, ಕೈ ಒಳಗಿದ್ದಾಗ ಮೇಲಿಂದ ಏಟು ಹಾಕುವ ರ‍್ಯಾಮ್ ಏಕೆ ಇಳಿಯಿತು, ಇವೆರಡಕ್ಕೆ ಉತ್ತರ ಬರೆಯಿರಿ ಎನ್ನುತ್ತೇನೆ.

ಎರಡನೆಯದರ ಉತ್ತರ ಮೆಷಿನ್ನಿನಲ್ಲೇ ಇದೆ. ನಾನು ನೋಡುವ ಹಳೆಯ ಸಿ-ಫ್ರೇಮ್ ಪ್ರೆಸ್‌ಗಳಲ್ಲಿ ಬಹುಪಾಲು ಪಿನ್ ಅಥವಾ ಕೀ ಕ್ಲಚ್‌ನವು. ಪೆಡಲ್ ಒತ್ತಿದರೆ ಕ್ಲಚ್, ಸದಾ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಮೇಲೆ ರ‍್ಯಾಮ್ ಕೆಳಗಿಳಿದು, ಮೇಲೆ ಹೋಗಿ, ಸುತ್ತು ಮುಗಿಸಿಯೇ ನಿಲ್ಲುವುದು. ನಡುವೆ ತಡೆಯಲು ದಾರಿಯಿಲ್ಲ. ಮೋಟರ್ ಆಫ್ ಮಾಡಿದರೂ ಫ್ಲೈವೀಲ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕ್ಲಚ್ ಬಿಡಿಸುವ ಸ್ಪ್ರಿಂಗ್ ಮುರಿದರೆ, ಬ್ರೇಕ್ ಲೈನಿಂಗ್ ಸವೆದರೆ, ಪೆಡಲ್ ಮುಟ್ಟದೆಯೇ ಇನ್ನೊಂದು ಏಟು ಬೀಳುತ್ತದೆ. ಅದೇ ಡಬಲ್ ಸ್ಟ್ರೋಕ್. ಆದ ಪೀಸ್ ತೆಗೆಯಲು ಆಪರೇಟರ್ ಕೈ ಹಾಕುವುದೂ ಸರಿಯಾಗಿ ಆ ಹೊತ್ತಿಗೇ.

ಹಾಗಾಗಿ ಇಂಥ ಪ್ರೆಸ್‌ಗೆ ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಮೆಷಿನ್ನಿಗೆ ನಿಲ್ಲೆಂದು ಸೂಚಿಸುವ ಲೈಟ್ ಕರ್ಟನ್ ಕೂರಿಸಿ ಫೋಟೊ ಕಳಿಸಿದರೆ ನನಗೆ ಸಮಾಧಾನವಾಗುವುದಿಲ್ಲ, ಭಯವಾಗುತ್ತದೆ. ಕೈ ಅಡ್ಡ ಬಂದದ್ದನ್ನು ಕರ್ಟನ್ ಕಂಡುಹಿಡಿಯುತ್ತದೆ ನಿಜ, ಆದರೆ ನಿಲ್ಲಲಾರದ ಮೆಷಿನ್ನಿಗೆ ನಿಲ್ಲು ಎಂದು ಹೇಳಿ ಏನು ಪ್ರಯೋಜನ? ಹುಡುಗ ಮಾತ್ರ ಕರ್ಟನ್ ನಂಬಿ ಧೈರ್ಯವಾಗಿ ಕೈ ಹಾಕುತ್ತಾನೆ. ಎರಡೂ ಕೈ ಡೈ ಹೊರಗೇ ಇರಲೆಂದು ಎರಡು ಕೈಯಲ್ಲಿ ಒತ್ತುವ ಬಟನ್ನಿನದೂ ಒಂದು ಲೆಕ್ಕವಿದೆ. ಕೈಯ ವೇಗವನ್ನು ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿಯುವುದು ರೂಢಿ. ನಿಮಿಷಕ್ಕೆ 60 ಸ್ಟ್ರೋಕ್‌ನ ಪ್ರೆಸ್‌ನಲ್ಲಿ ಕ್ಲಚ್ ಕಚ್ಚುವ ಜಾಗ ಒಂದೇ ಇದ್ದರೆ, ಅದು ಕಚ್ಚಲು ಒಂದು ಸೆಕೆಂಡ್‌ವರೆಗೆ ಹಿಡಿಯಬಹುದು, ರ‍್ಯಾಮ್ ಇಳಿಯಲು ಇನ್ನರ್ಧ ಸೆಕೆಂಡ್. ಒಟ್ಟು ಒಂದೂವರೆ ಸೆಕೆಂಡ್. ಬಟನ್ ತಟ್ಟಿ ಬಿಟ್ಟ ಕೈ ಅಷ್ಟರಲ್ಲಿ 2.4 ಮೀಟರ್ ಹೋಗಬಲ್ಲದು. ಬಟನ್‌ಗಳನ್ನು ಅಷ್ಟು ದೂರ ಇಟ್ಟ ಶಾಪ್ ನಾನು ಕಂಡಿಲ್ಲ.

ಕೆಲಸಕ್ಕೆ ಬರುವುದು ಗಟ್ಟಿ ಗಾರ್ಡ್. ಡೈ ಸುತ್ತ ನಾಲ್ಕೂ ಕಡೆ ಮುಚ್ಚಿ, ಸ್ಟ್ರಿಪ್ ಒಳಹೋಗಲು ಮಾತ್ರ ಬೆರಳು ತೂರದಷ್ಟು ಕಿಂಡಿ. ಡೈಗೆ ಹತ್ತಿರವಿದ್ದರೆ 6 ಮಿ.ಮೀ. ಮೀರಬಾರದು. ಬಿಡಿ ಪೀಸ್ ಇಡಬೇಕಾದ ಕಡೆ ಸ್ಲೈಡಿಂಗ್ ಟ್ರೇ ಅಥವಾ ಜಾರುವ ಚ್ಯೂಟ್, ಆದ ಪೀಸ್ ಹೊರಗೆ ಹಾರಿಸಲು ಗಾಳಿಯ ನಳಿಕೆ. ಇಕ್ಕಳ, ಮ್ಯಾಗ್ನೆಟ್ ಕಡ್ಡಿ ಕೊಟ್ಟರೆ ಇಲ್ಲದ್ದಕ್ಕಿಂತ ಮೇಲು, ಆದರೆ ಅವಸರದ ಮಧ್ಯಾಹ್ನ ಅವು ಪಕ್ಕದ ಟ್ರೇನಲ್ಲಿ ಮಲಗಿರುತ್ತವೆ. ಇನ್ನು ಕೈಗವಸು ಚೂಪಾದ ಅಂಚಿನಿಂದ ಕೈ ಕಾಯುತ್ತದೆ, ರ‍್ಯಾಮಿನಿಂದ ಅಲ್ಲ.

“ಗಾರ್ಡ್ ಹಾಕಿದ್ರೆ ಪ್ರೊಡಕ್ಷನ್ ಬೀಳುತ್ತೆ ಸರ್” ಎಂದು ಮಾಲೀಕರು ಹೇಳುವುದನ್ನು ನಾನು ತಳ್ಳಿಹಾಕುವುದಿಲ್ಲ. ಎಷ್ಟೋ ಗಾರ್ಡ್‌ಗಳನ್ನು ಡೈ ಸೆಟ್ ಮಾಡುವವರನ್ನು ಕೇಳದೆಯೇ ಮಾಡಿಸಿರುತ್ತಾರೆ. ಸ್ಕ್ರ್ಯಾಪ್ ಸಿಕ್ಕಿಕೊಂಡಾಗೆಲ್ಲ ನಾಲ್ಕು ಬೋಲ್ಟ್ ಬಿಚ್ಚಬೇಕೆಂದರೆ ಆ ಗಾರ್ಡ್ ಎರಡೇ ದಿನದಲ್ಲಿ ಗೋಡೆಗೆ ಒರಗುತ್ತದೆ. ಟೂಲ್ ರೂಮಿನವರನ್ನೂ ಆಪರೇಟರನ್ನೂ ಕೂರಿಸಿಕೊಂಡು, ಡೈ ಜೊತೆಯಲ್ಲೇ ಗಾರ್ಡನ್ನೂ ವಿನ್ಯಾಸ ಮಾಡಿದ ಕಡೆ ಈ ದೂರು ಕಡಿಮೆ. ಅಪಾಯದ ಭಾಗಗಳನ್ನು ಮುಚ್ಚಿಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನೇ ಹೇಳಿತ್ತು, ಇದು ಹೊಸ ಬೇಡಿಕೆಯೇನಲ್ಲ.

ವರದಿಗಳನ್ನು ಒಟ್ಟಿಗೆ ಹರಡಿಕೊಂಡು ಓದಿದರೆ ಕೆಲವು ಸಂಗತಿ ಮತ್ತೆ ಮತ್ತೆ ಎದುರಾಗುತ್ತವೆ. ಡೈ ಬದಲಿಸಿದ ಮೇಲಿನ ಮೊದಲ ಗಂಟೆ, ಗಾರ್ಡ್ ಇನ್ನೂ ವಾಪಸ್ ಬಂದಿರುವುದಿಲ್ಲ. ಒಂದೇ ಪ್ರೆಸ್‌ನಲ್ಲಿ ಇಬ್ಬರು, ಹೆಲ್ಪರ್ ಪೀಸ್ ಇಡುತ್ತಾನೆ, ಪೆಡಲ್ ಇನ್ನೊಬ್ಬನ ಕಾಲಲ್ಲಿ. ಮುಚ್ಚಳವಿಲ್ಲದ ಪೆಡಲ್ ಮೇಲೆ ಬಿದ್ದ ಸ್ಕ್ರ್ಯಾಪ್. ನಿನ್ನೆವರೆಗೆ ಪ್ಯಾಕಿಂಗ್‌ನಲ್ಲಿದ್ದು, ಯಾರೋ ರಜೆ ಹಾಕಿದ್ದಕ್ಕೆ ಇವತ್ತು ಪ್ರೆಸ್ ಮುಂದೆ ಕೂತ ಹುಡುಗ. ಜೊತೆಗೆ ಪೀಸ್ ರೇಟ್: ಎಷ್ಟು ಪೀಸೋ ಅಷ್ಟು ಕಾಸು ಎಂದಮೇಲೆ ಇಕ್ಕಳ ಹಿಡಿಯುವ ಪ್ರತಿ ಕ್ಷಣವೂ ಅವನ ಜೇಬಿನಿಂದಲೇ ಹೋಗುತ್ತದೆ. ಅಲ್ಲಿ ಸುರಕ್ಷತಾ ಪೋಸ್ಟರ್ ಅಂಟಿಸಿ ಬರುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಯಾರಿಗೂ ಗಾಯವಾಗದ ಡಬಲ್ ಸ್ಟ್ರೋಕ್. ಬೆರಳು ಹೋದ ಮೇಲೆ ವಿಚಾರಿಸಿದರೆ, “ಹೋದ ವಾರಾನೂ ಹಂಗೇ ಹೊಡೀತು ಅಣ್ಣ, ಫಿಟ್ಟರ್‌ಗೆ ಹೇಳಿದ್ವಿ” ಎನ್ನುವವರು ಸಿಗುತ್ತಾರೆ. ಈಗ ನಮ್ಮ ವೆಂಡರ್‌ಗಳಿಗೆ ಹಾಕಿರುವ ಷರತ್ತು ಇದು: ಒಮ್ಮೆ ಡಬಲ್ ಸ್ಟ್ರೋಕ್ ಆದರೂ ಪ್ರೆಸ್ ನಿಲ್ಲಿಸಿ ಬೀಗ ಹಾಕಬೇಕು, ಕ್ಲಚ್ ಬಿಚ್ಚಿ ನೋಡುವವರೆಗೆ ಓಡಿಸಬಾರದು, ಅದರಿಂದ ತಡವಾದ ಆರ್ಡರ್‌ಗೆ ನಾವು ದಂಡ ಹಾಕುವುದಿಲ್ಲ. ಈ ಕೊನೆಯ ಮಾತನ್ನು ನಮ್ಮ ಖರೀದಿ ವಿಭಾಗದಿಂದ ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. ಅದಿಲ್ಲದೆ ಮಿಕ್ಕವು ಕಾಗದದ ಮೇಲಷ್ಟೇ ಉಳಿಯುತ್ತಿದ್ದವು.

ಕೆಲಸಗಾರರಿಗೆ, ಅವರ ಮನೆಯವರಿಗೆ ಎರಡು ಮಾತು. ತುಂಡಾದ ಬೆರಳನ್ನು ನೇರ ಐಸ್ ಮೇಲೆ ಇಡಬೇಡಿ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಆ ಕವರನ್ನು ಐಸ್ ನೀರಿನಲ್ಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಜಜ್ಜಿಹೋಗಿದ್ದರೆ ಜೋಡಿಸುವುದು ಕಷ್ಟ, ಆದರೂ ಅದನ್ನು ಡಾಕ್ಟರ್ ತೀರ್ಮಾನಿಸಲಿ.

ಹತ್ತಿರದ ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕಿಸಿ, ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಮುಗಿಸಲು ಬಂದರೆ ಒಪ್ಪಬೇಡಿ. ಕಾರ್ಮಿಕರ ರಾಜ್ಯ ವಿಮಾ ಸಂಸ್ಥೆಯಾದ ಇಎಸ್‌ಐಗೆ ಅಪಘಾತ ವರದಿ ಹೋಗಲೇಬೇಕು, ಅದರ ಪ್ರತಿ ನಿಮ್ಮ ಬಳಿ ಇರಲಿ. ಕಾನೂನಿನ ಪಟ್ಟಿಯ ಪ್ರಕಾರ ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ 14 ಶೇಕಡ ನಷ್ಟ, ಹೆಬ್ಬೆರಳಿಗೆ 30. ತಿಂಗಳಿಗೆ 15,000 ರೂಪಾಯಿ ದುಡಿಯುವವನಿಗೆ, ಸಂಬಳದ 90 ಶೇಕಡ ಹಿಡಿದು ಅದರಲ್ಲಿ 14 ಶೇಕಡ ತೆಗೆದರೆ, ತೋರುಬೆರಳಿಗೆ ಸಿಗುವುದು ತಿಂಗಳಿಗೆ ಸುಮಾರು 1,890 ರೂಪಾಯಿ. ಕಡಿಮೆಯೇ, ಆದರೆ ಬದುಕಿರುವವರೆಗೂ ಬರುವ ಹಣ ಅದು. ವರದಿಯೇ ಹೋಗದಿದ್ದರೆ ಗಾಯ ಕೆಲಸದಲ್ಲೇ ಆಯಿತೆಂದು ಮುಂದೆ ನೀವೇ ಸಾಬೀತು ಮಾಡುತ್ತ ಅಲೆಯಬೇಕಾಗುತ್ತದೆ.