ನವೆಂಬರ್ ಹಾಳೆಯ ಹಿಂಬದಿ

ಅಪ್ಪ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಹಾಳೆಯ ನಡುವೆ ಒಂದು ಗೀಟೆಳೆದು ಆ ಕಡೆ ಈ ಕಡೆ ಬರೆದು ನೋಡದೆ ಅವರು ಒಂದು ಮಿಕ್ಸಿಯನ್ನೂ ಕೊಂಡವರಲ್ಲ. 2022ರ ಡಿಸೆಂಬರಿನ ಆ ರಾತ್ರಿಯೂ ಅದೇ ಆಯಿತು. ಗೋಡೆ ಕ್ಯಾಲೆಂಡರಿನಿಂದ ಮುಗಿದುಹೋದ ನವೆಂಬರ್ ಹಾಳೆ ಹರಿದು, ಹಿಂಬದಿಗೆ ಸ್ಕೇಲಿಟ್ಟು ಗೀಟೆಳೆದರು. ಎಡಗಡೆ ಕೆ-1, ಬಲಗಡೆ ಸಿಆರ್-1: ಅಮೆರಿಕದ ಹುಡುಗನನ್ನು ಮದುವೆಯಾಗಿ ನಾನು ಅಲ್ಲಿಗೆ ಹೋಗಿ ನೆಲೆಸಲು ಇದ್ದ ಎರಡು ವೀಸಾಗಳು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಎರಡು ಜಾತಕ ಎದುರುಬದುರು ಇಟ್ಟ ಹಾಗಿದೆ ನೋಡು" ಅಂದಳು.

ಹುಡುಗ ಪೋರ್ಟ್‌ಲ್ಯಾಂಡಿನವನು, ಆರಿಗನ್ ರಾಜ್ಯ. ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬರುವ ನೂರಾರು ವಿದೇಶಿಯರಲ್ಲಿ ಅವನೂ ಒಬ್ಬ. ಅಲ್ಲಿಯ ಒಂದು ಎಳನೀರು ಗಾಡಿಯ ಹತ್ತಿರ ಚಿಲ್ಲರೆ ವಿಷಯಕ್ಕೆ ಶುರುವಾದ ಮಾತು ಇಲ್ಲಿವರೆಗೆ ಬಂದಿತ್ತು. (ಅವನನ್ನು ಅವನು ಎಂದೇ ಬರೆಯುತ್ತೇನೆ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ಅದರಲ್ಲಿ ಗಂಡನಿಗೆ ಬಹುವಚನವಿಲ್ಲ, ಅಭ್ಯಾಸವಾಗಿಬಿಟ್ಟಿದೆ.) ಅಮೆರಿಕದವನು ಅಂದ ಕೂಡಲೇ ನೆಂಟರೆಲ್ಲ "ಯಾವ ಕಂಪನಿ?" ಎಂದು ಕೇಳಿದರು. ಅವನು ಬಡಗಿ. ಸ್ವಂತ ಕೆಲಸ, ಒಂದು ವ್ಯಾನು, ಎರಡು ಗರಗಸದ ಯಂತ್ರ. ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅವನು ನಮ್ಮ ದೇವರಮನೆಯ ಬಾಗಿಲು ಕಳಚಿ, ಕೀಸಿ, ಹದಿನಾಲ್ಕು ವರ್ಷದಿಂದ ಮಳೆಗಾಲ ಬಂದರೆ ಸಾಕು ಮುಚ್ಚದೆ ಮೊಂಡು ಹಿಡಿಯುತ್ತಿದ್ದುದನ್ನು ಒಂದೇ ಬೆರಳಲ್ಲಿ ಮುಚ್ಚುವ ಹಾಗೆ ಮಾಡಿದ. ಅಜ್ಜಿ ಅವತ್ತಿನಿಂದ ಅವನನ್ನು "ದೊರೆ" ಅನ್ನತೊಡಗಿದಳು.

ಮದುವೆ ಮಾಡಿಕೊಳ್ಳುವುದು ಅಂತ ತೀರ್ಮಾನವಾಗಿತ್ತು. ಯಾವ ದಾರಿಯಲ್ಲಿ ಹೋಗುವುದು ಅನ್ನುವುದೇ ಪ್ರಶ್ನೆ.

ಎಲ್ಲಕ್ಕಿಂತ ಸುಲಭದ ದಾರಿ ತೋರಿಸಿದವನು ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ. ಆಫೀಸ್ ಕೆಲಸಕ್ಕೆ ಹೋಗಿಬಂದಿದ್ದ ನನ್ನ ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಬಿ-1/ಬಿ-2 ವೀಸಾ ಇತ್ತು, ಕೆಲಸದ ಭೇಟಿಗೋ ಪ್ರವಾಸಕ್ಕೋ ಹೋಗಿಬರುವಂಥದ್ದು. "ಟಿಕೆಟ್ ತಗೊಂಡು ಬಾ, ಇಲ್ಲೇ ಕೌಂಟಿ ಆಫೀಸಲ್ಲಿ ಮದುವೆ ಮಾಡ್ಕೋ, ಅರ್ಜಿ ಹಾಕಿ ಇಲ್ಲೇ ಇದ್ದುಬಿಡು. ಎಷ್ಟು ಜನ ಮಾಡಿಲ್ಲ?" ಮಾಡಿದವರು ಇರಬಹುದು. ಆ ವೀಸಾದಲ್ಲಿ ಹೋಗಿ ಮದುವೆಯಾಗಿ ವಾಪಸ್ ಬಂದರೆ ತಪ್ಪೇನಿಲ್ಲ. ಆದರೆ ಉಳಿದುಬಿಡುವ ಉದ್ದೇಶವನ್ನು ಹೊಟ್ಟೆಯಲ್ಲಿಟ್ಟುಕೊಂಡು, ವಿಮಾನ ನಿಲ್ದಾಣದ ಅಧಿಕಾರಿಗೆ "ಊರು ನೋಡೋಕೆ ಬಂದೆ" ಅಂದರೆ ಅದು ಸುಳ್ಳು ಹೇಳಿ ಒಳಹೊಕ್ಕ ಹಾಗೆ. ಸಿಕ್ಕಿಬಿದ್ದರೆ ಜೀವಮಾನದ ನಿರ್ಬಂಧ. ಅಪ್ಪ ಈ ದಾರಿಗೆ ಹಾಳೆಯಲ್ಲಿ ಕಾಲಂ ಕೂಡ ಕೊಡಲಿಲ್ಲ. "ಹೊಸಿಲು ದಾಟೋವಾಗಲೇ ಸುಳ್ಳು ಹೇಳ್ಕೊಂಡು ಸಂಸಾರ ಶುರು ಮಾಡೋದಾ?" ಅಂದರು, ಅಷ್ಟೇ.

ಇನ್ನೊಬ್ಬ ಗೆಳತಿ ಯೂಟಾ ರಾಜ್ಯದ ಒಂದು ಕೌಂಟಿಯ ವಿಷಯ ಹೇಳಿದಳು. ಕೋವಿಡ್ ಕಾಲದಿಂದ ಅಲ್ಲಿ ವಿಡಿಯೋ ಕರೆಯಲ್ಲೇ ಮದುವೆ ಮಾಡಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ವಧು ಮೈಸೂರಲ್ಲಿ, ವರ ಪೋರ್ಟ್‌ಲ್ಯಾಂಡಲ್ಲಿ ಇದ್ದರೂ ನಡೆಯುತ್ತದೆ. ಆದರೆ ಹೀಗೆ ದೂರದಿಂದ ಆದ ಮದುವೆಯನ್ನು ವಲಸೆ ಕಾನೂನು ಒಪ್ಪಬೇಕಾದರೆ, ಅದಾದ ಮೇಲೆ ಗಂಡ ಹೆಂಡಿರು ಒಂದೆಡೆ ಸೇರಿ ಸಂಸಾರ ಮಾಡಿದ್ದಕ್ಕೆ ಪುರಾವೆ ಬೇಕು. ಇದನ್ನು ಅಪ್ಪನಿಗೆ ಹೇಗೆ ವಿವರಿಸಲಿ? "ಅದು ಆಗಲ್ಲ ಅಪ್ಪ" ಅಂದು ಮುಂದಕ್ಕೆ ಹೋದೆ.

ಉಳಿದದ್ದು ಎರಡು. ಕೆ-1 ಅಂದರೆ ನಿಶ್ಚಿತಾರ್ಥದ ವೀಸಾ. ಅಮೆರಿಕದ ಪ್ರಜೆಯಾದ ಹುಡುಗ ಐ-129ಎಫ್ ಅರ್ಜಿ ಹಾಕಬೇಕು, ಹಿಂದಿನ ಎರಡು ವರ್ಷದೊಳಗೆ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿದ್ದಕ್ಕೆ ಸಾಕ್ಷಿ ಕೊಡಬೇಕು, ವೀಸಾ ಬಂದ ಮೇಲೆ ನಾನು ಅಲ್ಲಿಗೆ ಹೋಗಿ 90 ದಿನದೊಳಗೆ ಅವನನ್ನೇ ಮದುವೆಯಾಗಬೇಕು, ಆಮೇಲೆ ಗ್ರೀನ್ ಕಾರ್ಡಿಗೆ ಮತ್ತೊಂದು ಅರ್ಜಿ. ಸಿಆರ್-1 ಅಂದರೆ ಮೊದಲು ಮದುವೆ, ಆಮೇಲೆ ಹೆಂಡತಿಗಾಗಿ ಗಂಡ ಹಾಕುವ ಐ-130 ಅರ್ಜಿ, ಆಮೇಲೆ ದಾಖಲೆಗಳು, ಮುಂಬೈಯಲ್ಲಿ ಸಂದರ್ಶನ. ಆದರೆ ಅಲ್ಲಿ ಕಾಲಿಟ್ಟ ದಿನದಿಂದಲೇ ಕಾಯಂ ನಿವಾಸಿ. ನಡುವೆ ಕೆ-3 ಅಂತ ಒಂದಿದೆ, ಐ-130 ತೀರ್ಮಾನವಾಗುವ ಮೊದಲೇ ಹೆಂಡತಿ ಅಲ್ಲಿಗೆ ಹೋಗಲು, ಬೆಂಗಳೂರಿನ ಒಬ್ಬ ಏಜೆಂಟ್ ಅದನ್ನು ಹುಮ್ಮಸ್ಸಿನಿಂದ ಮಾರಲು ನೋಡಿದ. ಅದು ಕಾನೂನಿನ ಪುಸ್ತಕದಲ್ಲಿದೆ, ಕೈಗೆ ಸಿಕ್ಕವರು ಬಲು ಅಪರೂಪ.

ಅಪ್ಪ ಮೊದಲು ದುಡ್ಡು ಬರೆದರು. ಎಡಗಡೆ: ಅರ್ಜಿಗೆ 535 ಡಾಲರ್, ವೀಸಾಕ್ಕೆ 265, ಅಲ್ಲಿಗೆ ಹೋದ ಮೇಲಿನ ಅರ್ಜಿಗೆ ಬೆರಳಚ್ಚು ಸೇರಿ 1,225. ಒಟ್ಟು 2,025. ಬಲಗಡೆ: ಅರ್ಜಿಗೆ 535, ವೀಸಾಕ್ಕೆ 325, ಗಂಡನ ಮುಚ್ಚಳಿಕೆಯ ಪರಿಶೀಲನೆಗೆ 120, ಗ್ರೀನ್ ಕಾರ್ಡಿಗೆ 220. ಒಟ್ಟು 1,200. ವ್ಯತ್ಯಾಸ 825 ಡಾಲರ್, ಅವತ್ತಿನ ಲೆಕ್ಕದಲ್ಲಿ ಅರವತ್ತೇಳು ಸಾವಿರ ರೂಪಾಯಿ ಚಿಲ್ಲರೆ. (2024ರ ಏಪ್ರಿಲ್‌ನಲ್ಲಿ ಫೀಸುಗಳು ಏರಿದವು. ಕಾರ್ಡಿಗೆ ನಾನು ಕಟ್ಟಿದ್ದು 235. ಎಡಗಡೆಯ ಆ 1,225 ಹೋಗಿ 1,440 ಆಯಿತು. ಅಪ್ಪ ಇದನ್ನು ತಮ್ಮ ದೂರದೃಷ್ಟಿಯ ಖಾತೆಗೆ ಜಮಾ ಮಾಡಿಕೊಂಡಿದ್ದಾರೆ.)

ಆಮೇಲೆ ಸಮಯ. ಕೆ-1 ಬೇಗ ಆಗುತ್ತದೆ ಎಂಬುದು ಹಳೆಯ ನಂಬಿಕೆ. ಆ ವರ್ಷ ಎರಡು ಅರ್ಜಿಗಳೂ ಹೆಚ್ಚುಕಡಿಮೆ ಒಂದು ವರ್ಷ ತಿನ್ನುತ್ತಿದ್ದವು. ಅಪ್ಪ ಪೆನ್ನು ಕೆಳಗಿಟ್ಟು, "ಹಾಗಾದ್ರೆ ಎರಡರಲ್ಲೂ ಕಾಯೋದು ಇದ್ದದ್ದೇ" ಅಂದರು.

ಅಲ್ಲಿ ನನಗೆ ದಾರಿ ಹೊಳೆಯಿತು. ಕಾಯುವುದು ತಪ್ಪುವ ಹಾಗಿರಲಿಲ್ಲ. ಎಲ್ಲಿ ಕೂತು ಕಾಯುವುದು ಅನ್ನುವುದಷ್ಟೇ ನಮ್ಮ ಕೈಲಿತ್ತು. ಕೆ-1ರಲ್ಲಿ ಕಾಯುವಿಕೆಯ ಕೊನೆಯ ಭಾಗ ಅವನ ಮನೆಯಲ್ಲಿ. ಮದುವೆಯಾಗಿ ಅರ್ಜಿ ಹಾಕಿದ ಮೇಲೆ ಕೆಲಸದ ಪರವಾನಗಿ ಬರುವವರೆಗೆ ದುಡಿಯುವ ಹಾಗಿಲ್ಲ, ಪ್ರಯಾಣದ ಅನುಮತಿ ಸಿಗುವವರೆಗೆ ದೇಶ ಬಿಟ್ಟು ಹೊರಟರೆ ಅರ್ಜಿಯೇ ಬಿದ್ದುಹೋಗುತ್ತದೆ. ಆ ತಿಂಗಳುಗಳಲ್ಲಿ ಅವನು ಕೆಲಸಕ್ಕೆ ಹೋದ ಮೇಲೆ ಮಳೆ ಸುರಿಯುವ ಊರಿನಲ್ಲಿ, ಕೈಯಲ್ಲಿ ಸ್ವಂತ ಸಂಪಾದನೆಯ ಒಂದು ಡಾಲರೂ ಇಲ್ಲದೆ ನಾನು ಕಿಟಕಿಯ ಹತ್ತಿರ. ಸಿಆರ್-1ರಲ್ಲಿ ಪೂರ್ತಿ ಕಾಯುವಿಕೆ ಮೈಸೂರಿನಲ್ಲಿ. ನನ್ನ ಕೆಲಸ, ನನ್ನ ಸಂಬಳ, ನನ್ನ ಸ್ಕೂಟಿ. ಅವನಿಲ್ಲ, ಅದೊಂದೇ.

"ಅಜ್ಜಿಗೆ ಏನಾದ್ರೂ ಆದ್ರೆ?" ಅಂತ ಅಮ್ಮ ಕೇಳಿದಳು. ಅಜ್ಜಿ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ನನಗೇನಾಗತ್ತೆ, ನಿನ್ನ ಲೆಕ್ಕ ನೀನು ಹಾಕು" ಅಂದಳು. ಅಪ್ಪ ಬಲಗಡೆಯ ಕಾಲಂ ಕೆಳಗೆ "ಅಮ್ಮ" (ಅವರ ಅಮ್ಮ, ನನ್ನ ಅಜ್ಜಿ) ಎಂದು ಬರೆದು ಎರಡು ಗೀಟು ಹಾಕಿದರು.

ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಅವನು ತುಂಬ ಹೊತ್ತು ಸುಮ್ಮನಿದ್ದ. ಅವನಿಗೆ ಕೆ-1 ಬೇಕಿತ್ತು. ಒಟ್ಟಿಗಿದ್ದು ಕಾಯೋಣ ಅನ್ನುವುದು ಅವನ ಆಸೆ. ತಪ್ಪಲ್ಲ. ಆದರೆ ಕೈಕಟ್ಟಿ ಕೂರಬೇಕಾದವಳು ನಾನು.

ಅಮ್ಮ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದಳು, ಅದನ್ನು ಹಾಸಿಗೆ ಹಾಸುವಾಗ ಕೇಳಿದಳು. "ಅವನೇ ಇಲ್ಲಿಗೆ ಬರಬಾರದಾ?" ಬರಬಹುದಿತ್ತು. ಭಾರತೀಯಳ ಗಂಡ ಎಂದು ಎಂಟ್ರಿ ವೀಸಾ ಸಿಗುತ್ತದೆ, ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದರೆ, ವಿದೇಶಿ ಪ್ರಜೆಯಾಗಿದ್ದೂ ಇಲ್ಲಿ ಬಹುಕಾಲ ಇರಲು ಬಿಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಅವನ ಅಮ್ಮ ಒಬ್ಬರೇ ಇದ್ದಾರೆ, ಅವನ ಗಿರಾಕಿಗಳೆಲ್ಲ ಅಲ್ಲಿದ್ದಾರೆ ಎಂದು ಏನೇನೋ ಹೇಳಿದೆ. ನನಗೇ ಹೋಗಬೇಕೆನಿಸಿತ್ತು ಅನ್ನುವುದನ್ನು ಹೇಳಲಿಲ್ಲ. ಅವಳಿಗೆ ಗೊತ್ತಾಗದೇ ಇರಲಿಲ್ಲ.

ಮದುವೆ ವಿಶೇಷ ವಿವಾಹ ಕಾಯ್ದೆಯಲ್ಲಿ, 1954ರದ್ದು. ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ದೊಡ್ಡತ್ತೆ, "ಒಂದು ಶುದ್ಧಿ ಮಾಡಿಸಿ ಹೆಸರು ಬದಲಾಯಿಸಿದ್ರೆ ಒಂದೇ ದಿನದಲ್ಲಿ ಆಗತ್ತೆ" ಅಂದರು. ಬೇಡ ಅಂದವಳು ದಿನಾ ಎರಡು ಹೊತ್ತು ದೀಪ ಹಚ್ಚುವ ಅಮ್ಮ: "ಒಂದು ಕಾಗದಕ್ಕೋಸ್ಕರ ದೇವರನ್ನ ಬದಲಾಯಿಸೋದಾ?" ಡಿಸೆಂಬರಿನಲ್ಲಿ ಇಬ್ಬರೂ ನೋಂದಣಿ ಕಚೇರಿಗೆ ಹೋಗಿ ಮದುವೆಯ ನೋಟಿಸಿಗೆ ಸಹಿ ಹಾಕಿದೆವು. ಅವನು ಅವಿವಾಹಿತ ಎಂಬ ಅಫಿಡವಿಟ್ಟನ್ನು ತನ್ನ ಊರಿನಲ್ಲೇ ನೋಟರಿ ಮಾಡಿಸಿ, ಬೇರೆ ದೇಶದಲ್ಲೂ ಕಾಗದ ನಡೆಯುವ ಹಾಗೆ ಅಪಾಸ್ಟಿಲ್ ಎಂಬ ಸರ್ಕಾರಿ ದೃಢೀಕರಣ ಹಾಕಿಸಿ ತಂದಿದ್ದ. ಮೂವತ್ತು ದಿನ ನೋಟಿಸು ಗೋಡೆಯ ಮೇಲಿರಬೇಕು, ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ಅವನು ವಾಪಸ್ ಹೋಗಿ, ಕೆಲಸ ಮುಗಿಸಿ, ಮತ್ತೆ ಬಂದ. 2023ರ ಫೆಬ್ರುವರಿ 17, ಶುಕ್ರವಾರ. ಮೂವರು ಸಾಕ್ಷಿಗಳು, ಎರಡು ಹಾರ, ಹದಿನೈದು ನಿಮಿಷ. ಮಧ್ಯಾಹ್ನ ಬಾಳೆಎಲೆ ಊಟ. ಚಿರೋಟಿಗೆ ಹಾಲು ಹಾಕಿಕೊಳ್ಳಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಾರ್ಚಿನಲ್ಲಿ ಅವನು ಐ-130 ಹಾಕಿದ. ಹದಿಮೂರು ತಿಂಗಳು ಅದರ ಬಗ್ಗೆ ಬರೆಯುವಂಥದ್ದೇನೂ ಆಗಲಿಲ್ಲ. ದಿನಾ ಬೆಳಿಗ್ಗೆ ಫೋನಿನಲ್ಲಿ ಕೇಸ್ ಸ್ಟೇಟಸ್ ನೋಡುವುದು, ಹಲ್ಲುಜ್ಜುವುದು.

ಅನುಮತಿ ಬಂದಾಗ 2024ರ ಏಪ್ರಿಲ್. ದಾಖಲೆಗಳ ಸರದಿ. ನನ್ನ ಪಾಸ್‌ಪೋರ್ಟಿನಲ್ಲಿ ಮೊದಲು ಸರ್‌ನೇಮ್ ಇರಲಿಲ್ಲ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಎರಡು ಇನಿಶಿಯಲ್ಲು, ಒಂದು ಹೆಸರು. ಹಳೆಯ ವೀಸಾದಲ್ಲಿ ನನ್ನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬಿದ್ದಿತ್ತು, ಮೊದಲ ಹೆಸರು ಗೊತ್ತಿಲ್ಲ ಅಂತ. ಅಲ್ಲಿಯ ಹೋಟೆಲಿನವನು ನನ್ನನ್ನು "ಮಿಸ್ ಫ್ನೂ" ಎಂದೇ ಕರೆದಿದ್ದ. ಅದನ್ನು ಮದುವೆಗೆ ಮುಂಚೆಯೇ ಅಪ್ಪನ ಹೆಸರು ಸೇರಿಸಿ ಸರಿಮಾಡಿಸಿದ್ದೆ. ಜನನ ಪ್ರಮಾಣಪತ್ರ ಮಾತ್ರ ಹಾಗೇ ಉಳಿದಿತ್ತು. ಚೆಲುವಾಂಬ ಆಸ್ಪತ್ರೆಯಲ್ಲಿ ನಾನು ಹುಟ್ಟಿದ್ದು 1993ರಲ್ಲಿ. ನಾಮಕರಣಕ್ಕೆ ಮೊದಲೇ ನೋಂದಣಿ ಆಗಿದೆ. ಆಮೇಲೆ ಹೆಸರು ಸೇರಿಸಲು ಮನೆಯಲ್ಲಿ ಯಾರೂ ಹೋಗಿಲ್ಲ. ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ, ಲಿಂಗ ಹೆಣ್ಣು ಎಂದಿದೆ. ನನ್ನ ಹೆಸರಿನ ಮುಂದೆ ಒಂದು ಅಡ್ಡಗೀಟು.

ಅದಕ್ಕೆ ಜೊತೆಯಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮತ್ತೆ ನನ್ನ ಹುಟ್ಟನ್ನು ಕಂಡ ಇಬ್ಬರು ಹಿರಿಯರ ಅಫಿಡವಿಟ್ ಇಡೋಣ ಎಂದಾಯಿತು. ಒಂದು ಅಮ್ಮನದು, ಇನ್ನೊಂದು ಅಜ್ಜಿಯದು. ಎಂಬತ್ನಾಲ್ಕರ ಅಜ್ಜಿ ಆಟೋದಲ್ಲಿ ಬಂದಳು, ರೇಷ್ಮೆ ಸೀರೆ ಉಟ್ಟು. ಕೋರ್ಟಿನ ಹತ್ತಿರ ಮರದ ಕೆಳಗೆ ಟೈಪಿಂಗಿನವರ ಮೇಜುಗಳ ಸಾಲು. ಅವರು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ: "ಸದರಿಯವಳು ಹುಟ್ಟಿದ ವಿಷಯ ನನಗೆ ಖುದ್ದಾಗಿ ತಿಳಿದಿರುತ್ತದೆ."

"ತಿಳಿದಿರತ್ತೆ ಅಂದ್ರೆ?" ಅಂದಳು ಅಜ್ಜಿ. "ರಾತ್ರಿಯೆಲ್ಲ ಆಸ್ಪತ್ರೆ ಜಗಲಿ ಮೇಲೆ ಕೂತಿದ್ದೋಳು ನಾನು. ನರ್ಸು ತಂದು ಮೊದಲು ನನ್ನ ಮಡಿಲಿಗೆ ಹಾಕಿದ್ದು. ಅದನ್ನ ಬರೀರಿ."

"ಅಷ್ಟೆಲ್ಲ ಬೇಡ ಅಜ್ಜಿ, ನಿಮ್ಮ ಸೈನ್ ಸಾಕು."

"ದೊರೆಗಳ ಸರ್ಕಾರಕ್ಕೆ ಗೊತ್ತಾಗಬೇಡ್ವೇನಪ್ಪಾ?"

ಅವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಮತ್ತೆ ಟೈಪ್ ಮಾಡಿದರು, ಎರಡು ಸಾಲು ಹೆಚ್ಚು, ಐವತ್ತು ರೂಪಾಯಿ ಹೆಚ್ಚು. ಅಜ್ಜಿ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದಾಗಿ ಅಕ್ಷರ ಕೂಡಿಸಿ ಸಹಿ ಹಾಕಿದಳು. ಕೊನೆಯ "ಮ್ಮ"ದ ಒತ್ತು ಗೆರೆಯಿಂದ ಕೆಳಗಿಳಿದು ನೋಟರಿಯ ಸೀಲಿಗೆ ತಾಗಿತು.

ಇನ್ನು ಐ-864. ಹೆಂಡತಿಯನ್ನು ಸಾಕಬಲ್ಲೆ ಎಂದು ಗಂಡ ಸರ್ಕಾರಕ್ಕೆ ಬರೆದುಕೊಡುವ ಮುಚ್ಚಳಿಕೆ. ಆದಾಯ ಅಲ್ಲಿಯ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. 2024ರಲ್ಲಿ ಇಬ್ಬರ ಸಂಸಾರಕ್ಕೆ 25,550 ಡಾಲರ್. ಸ್ವಂತ ಕಸುಬಿನವರಿಗೆ ನೋಡುವುದು ತೆರಿಗೆ ಪತ್ರದಲ್ಲಿ ಖರ್ಚು ಕಳೆದು ಉಳಿದದ್ದನ್ನು. ವ್ಯಾನು, ಯಂತ್ರ, ಮರ ಎಲ್ಲ ಖರ್ಚಿಗೆ ತೋರಿಸಿ ಜಾಣತನದಿಂದ ತೆರಿಗೆ ಉಳಿಸಿದ್ದ ನಮ್ಮ ಬಡಗಿ ಕಾಗದದ ಮೇಲೆ ಬಡವನಾಗಿದ್ದ. ಅವನ ಅಕ್ಕ ಜಂಟಿ ಜಾಮೀನು ನಿಂತರು. ಅಮ್ಮನಿಗೆ ಇದು ಬಹಳ ಹಿಡಿಸಿತು. "ಹುಡುಗನ ಸಂಬಳ ಎಷ್ಟು ಅಂತ ನಾವು ಕೇಳಿದ್ರೆ ಹಳೇ ಕಾಲದವರು. ಅವರ ಸರ್ಕಾರ ಕೇಳಿದ್ರೆ ಫಾರಂ!"

ಆ ಜೂನಿನಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಬಂತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ನನ್ನದಾಗಿತ್ತು. ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ವಲಸೆ ವೀಸಾದ ಡಿಎಸ್-260 ಫಾರಂ ತುಂಬುತ್ತಿದ್ದೆ. ಹದಿನಾರು ವರ್ಷ ತುಂಬಿದ ಮೇಲೆ ವಾಸವಿದ್ದ ಎಲ್ಲ ವಿಳಾಸ ಕೊಡಿ ಎಂದಿತ್ತು. ಎಲ್ಲವೂ ಅದೇ ಮನೆ.

ಮುಂಬೈಯ ಸಂದರ್ಶನ ನವೆಂಬರಿನಲ್ಲಿ. ಮೊದಲು ವೈದ್ಯಕೀಯ ಪರೀಕ್ಷೆ: ಎದೆಯ ಎಕ್ಸ್‌ರೇ, ರಕ್ತ, ಕೈಗೆ ಒಂದಿಷ್ಟು ಚುಚ್ಚುಮದ್ದು. ಆಮೇಲೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟ್. ಮೊಬೈಲ್ ಒಳಗೆ ಬಿಡುವುದಿಲ್ಲವಾದ್ದರಿಂದ ಅಪ್ಪ ಅದನ್ನು ಹಿಡಿದು ರಸ್ತೆಯಾಚೆ ನಿಂತರು. ಎರಡು ಕೆಜಿ ತೂಕದ ಫೈಲು ಎದೆಗವಚಿಕೊಂಡು ಹೋದವಳಿಗೆ ಕೇಳಿದ್ದು ಎಲ್ಲಿ ಭೇಟಿಯಾದಿರಿ, ಅವರು ಏನು ಕೆಲಸ ಮಾಡುತ್ತಾರೆ, ಮದುವೆಗೆ ಯಾರ್ಯಾರು ಬಂದಿದ್ದರು. ಎರಡು ಫೋಟೊ ನೋಡಿದರು. ನಾಲ್ಕು ನಿಮಿಷ. ಇಪ್ಪತ್ತೊಂದು ತಿಂಗಳಿಗೆ ನಾಲ್ಕು ನಿಮಿಷ. ಹೊರಬಂದಾಗ ಅಪ್ಪ ಮುಖ ನೋಡಿಯೇ ತಿಳಿದುಕೊಂಡು, ಏನೂ ಕೇಳದೆ ನೀರಿನ ಬಾಟಲಿ ಕೊಟ್ಟರು.

ಆ ರಾತ್ರಿ ರೈಲಿನಲ್ಲಿ ಅಪ್ಪ ಕೊನೆಯ ಲೆಕ್ಕ ತೆಗೆದರು. ಅಮೆರಿಕದೊಳಗೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ ತೊಂಬತ್ತು ದಿನದಲ್ಲಿ ಗಂಡ ಹೆಂಡತಿ ಸೇರಿ ಐ-751 ಹಾಕಿ, ಸಂಸಾರ ನಿಜವಾದದ್ದೇ ಎಂದು ಮತ್ತೆ ತೋರಿಸಬೇಕು. ತುಂಬಿದ್ದರೆ ನೇರವಾಗಿ ಹತ್ತು ವರ್ಷದ ಕಾರ್ಡು. ವೀಸಾಕ್ಕೆ ಆರು ತಿಂಗಳ ಅವಧಿ ಇತ್ತು. "ಫೆಬ್ರುವರಿ ಹದಿನೇಳು ದಾಟಿ ಹೊರಟ್ರೆ ಒಂದು ಅರ್ಜಿ, ಒಂದು ಫೀಸು, ಎಷ್ಟೊಂದು ತಲೆನೋವು ಉಳಿಯತ್ತೆ ಮಗಳೇ. ಹತ್ತೇ ವಾರ." ಲೆಕ್ಕ ಪಕ್ಕಾ ಇತ್ತು. ಮೈಸೂರಲ್ಲಿ ಕೂತು ಕಾಯುತ್ತೇನೆ ಎಂದು ಆರಿಸಿಕೊಂಡವಳೂ ನಾನೇ.

ಡಿಸೆಂಬರ್ 8ಕ್ಕೆ ಟಿಕೆಟ್ ತೆಗೆದೆ.

ಅಪ್ಪ ವಾದ ಮಾಡಲಿಲ್ಲ. ಹೊರಡುವ ದಿನ ಅಜ್ಜಿ ವಾಕರ್ ಹಿಡಿದು ದೇವರಮನೆ ಬಾಗಿಲವರೆಗೆ ಬಂದು, ದೊರೆಗೆ ಕೊಡು ಎಂದು ಅರ್ಧ ಕೆಜಿ ಮೈಸೂರು ಪಾಕ್ ಕೈಗಿಟ್ಟಳು. ಇಲ್ಲಿಗೆ ಬಂದು ಮೂರು ವಾರಕ್ಕೆ ಅಪ್ಪನ ಫೋನು. ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ತೂಗುಹಾಕಿದ್ದರಂತೆ.

"ನಿನ್ನ ಆ 751 ಹಾಕೋದು 2026ರ ಸೆಪ್ಟೆಂಬರ್ ಅಲ್ವಾ?"

"ಹೂಂ ಅಪ್ಪ."

"ಇದು 2025ರದ್ದು. ಎಲ್ಲಿ ಗುರುತು ಹಾಕ್ಕೊಳ್ಳಲಿ?"