ಎಚ್-ಇಂಡೆಕ್ಸ್ ನೋಡುವ ಮೊದಲು ಪಟ್ಟಿ ಸರಿಮಾಡಿ

ಬಯೋಮೆಡಿಕಲ್ ಸಂಶೋಧಕರ ಸಿವಿಯ ಮೊದಲ ಪುಟದಲ್ಲೇ ಈಗ ಮೂರು ಅಂಕಿಗಳಿರುತ್ತವೆ: ಒಟ್ಟು ಪೇಪರ್, ಒಟ್ಟು ಸೈಟೇಷನ್ (ಇತರ ಪೇಪರ್‌ಗಳಲ್ಲಿ ಅವು ಎಷ್ಟು ಸಲ ಉಲ್ಲೇಖವಾದವು ಎಂಬ ಲೆಕ್ಕ), ಇವೆರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸ್. ಎಷ್ಟೋ ಆಯ್ಕೆ ಸಮಿತಿಗಳು ಅಷ್ಟನ್ನೇ ನೋಡಿ ಪುಟ ತಿರುವುತ್ತವೆ. ಆ ಅಂಕಿ ಯಾವ ಪಟ್ಟಿಯಿಂದ ಬಂತು, ಪಟ್ಟಿಯಲ್ಲಿರುವ ಪೇಪರ್‌ಗಳೆಲ್ಲ ಅವರವೇ ಹೌದೇ, ಅವರದ್ದೇ ಎಷ್ಟು ಪೇಪರ್ ಹೊರಗೆ ಉಳಿದಿವೆ ಎಂದು ಕೇಳುವವರು ಕಡಿಮೆ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ನಮ್ಮ ಕಡೆಯ ಹೆಸರುಗಳಿಗೆ ಈ ತೊಂದರೆ ಜಾಸ್ತಿ. ಕನ್ನಡಿಗರಲ್ಲಿ ಬಹಳ ಜನರಿಗೆ ಸರ್‌ನೇಮ್ ಇಲ್ಲ. ಊರಿನದೊಂದು ಇನಿಷಿಯಲ್, ಅಪ್ಪನದೊಂದು, ಆಮೇಲೆ ಸ್ವಂತ ಹೆಸರು. ಎಚ್. ಆರ್. ಮಂಜುನಾಥ ಎಂಬಂಥ ಹೆಸರನ್ನು ಜರ್ನಲ್‌ನ ಆನ್‌ಲೈನ್ ಫಾರಂಗೆ ತುಂಬಬೇಕೆಂದರೆ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಖಾನೆ ಕಡ್ಡಾಯ. ಒಂದು ಪೇಪರ್‌ನಲ್ಲಿ ಮಂಜುನಾಥ ಲಾಸ್ಟ್ ನೇಮ್ ಆಗುತ್ತದೆ, ಇನ್ನೊಂದರಲ್ಲಿ ಇನಿಷಿಯಲ್‌ಗಳೇ ಲಾಸ್ಟ್ ನೇಮ್ ಆಗಿಬಿಡುತ್ತವೆ. ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಅಪ್ಪನ ಪೂರ್ತಿ ಹೆಸರು ಬಂದು ಸೇರುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಕೊನೆಗೆ ‘ಎ’ ಹಾಕಿದ್ದಾರೋ ಇಲ್ಲವೋ ಅದು ಬೇರೆ. ಡೇಟಾಬೇಸ್‌ನ ಲೆಕ್ಕದಲ್ಲಿ ಇವರು ನಾಲ್ಕು ಜನ. ಇದಕ್ಕೆ ತದ್ವಿರುದ್ಧವಾದ ತೊಂದರೆ ‘ಕುಮಾರ್ ಎಸ್’ ಎಂಬಂಥ ಹೆಸರುಗಳದ್ದು. ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ಆ ಹೆಸರು ಹುಡುಕಿದರೆ ಸಾವಿರಾರು ಪೇಪರ್ ಬರುತ್ತವೆ, ಅವುಗಳ ಹಿಂದಿರುವುದು ಲೆಕ್ಕವಿಲ್ಲದಷ್ಟು ಜನ.

ಮೊದಲು ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಐಡಿ ಮಾಡಿಸಿಕೊಳ್ಳಬೇಕು. 2012ರಲ್ಲಿ ಶುರುವಾದ ಈ 16 ಸ್ಥಾನಗಳ ಸಂಖ್ಯೆ ಉಚಿತ. ಕೊನೆಯ ಸ್ಥಾನ ತಾಳೆ ನೋಡುವುದಕ್ಕೆ ಇರುವುದರಿಂದ ಕೆಲವರಿಗೆ ಅಲ್ಲಿ ಅಂಕಿಯ ಬದಲು ‘ಎಕ್ಸ್’ ಇರುತ್ತದೆ, ಅದು ತಪ್ಪಲ್ಲ. ಹೆಸರಿನ ಬೇರೆ ಬೇರೆ ರೂಪಗಳನ್ನೆಲ್ಲ ‘ಇತರ ಹೆಸರುಗಳು’ ಎಂಬಲ್ಲಿ ಸೇರಿಸಿ. ಪೇಪರ್‌ಗಳಿಗೆ ಡಿಒಐ ಎಂಬ ಶಾಶ್ವತ ಸಂಖ್ಯೆ ಕೊಡುವ ಕ್ರಾಸ್‌ರೆಫ್‌ಗೆ ಅನುಮತಿ ಕೊಟ್ಟರೆ, ಪೇಪರ್ ಕಳಿಸುವಾಗ ಈ ಐಡಿ ನಮೂದಿಸಿದ್ದಲ್ಲಿ, ಅಚ್ಚಾದ ಪೇಪರ್ ತಾನಾಗಿಯೇ ಪಟ್ಟಿಗೆ ಸೇರುತ್ತದೆ. ಹಳೆಯವನ್ನು ಡಿಒಐ ಅಥವಾ ಪಬ್‌ಮೆಡ್ ಸಂಖ್ಯೆ ಕೊಟ್ಟು ಕೈಯಾರೆ ಸೇರಿಸಬೇಕು. ಆಮೇಲೆ ಸ್ಕೋಪಸ್ ಎಂಬ ಸೈಟೇಷನ್ ಡೇಟಾಬೇಸ್. ಅಲ್ಲಿ ಲೇಖಕರ ಪ್ರೊಫೈಲ್ ತಾನಾಗಿ ಹುಟ್ಟುತ್ತದೆ; ಹೆಸರಿನ ರೂಪ ಬದಲಾದರೆ ಅಥವಾ ಸಂಸ್ಥೆ ಬದಲಾದರೆ ಎರಡನೆಯದೊಂದು ಹುಟ್ಟುವುದು ಮಾಮೂಲು. ಎಲ್ಲ ರೂಪಗಳಲ್ಲೂ ಹುಡುಕಿ, ಸಿಕ್ಕ ಪ್ರೊಫೈಲ್‌ಗಳನ್ನೆಲ್ಲ ಒಂದುಮಾಡಲು ಮನವಿ ಕಳಿಸಬೇಕು. ಇಂಥದ್ದೇ ಇನ್ನೊಂದು ಡೇಟಾಬೇಸ್ ಆದ ವೆಬ್ ಆಫ್ ಸೈನ್ಸ್‌ನಲ್ಲೂ ಹೀಗೇ.

ಗೂಗಲ್ ಸ್ಕಾಲರ್‌ನಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಅಲ್ಲಿ ಪೇಪರ್‌ಗಳು ತಾವಾಗಿ ಸೇರಿಕೊಳ್ಳುವ ವ್ಯವಸ್ಥೆ ಇದೆ. ಸಾಮಾನ್ಯ ಹೆಸರಿನವರ ಪ್ರೊಫೈಲ್‌ಗೆ ಯಾರದೋ ಮಣ್ಣಿನ ಪರೀಕ್ಷೆಯ ಪೇಪರ್ ಬಂದು ಕೂತಿರುವುದು ಈ ಕಾರಣಕ್ಕೇ. ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ತೆಗೆದು, ‘ಇಮೇಲ್ ಕಳಿಸಿ, ನಾನು ನೋಡಿ ಒಪ್ಪುತ್ತೇನೆ’ ಎಂಬುದನ್ನು ಹಾಕಿಕೊಳ್ಳಿ. ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಆನ್‌ಲೈನ್‌ನಲ್ಲಿ ಹಾಕಿದ ಕರಡು) ಒಂದು ಸಾಲಾಗಿ, ಜರ್ನಲ್ ಆವೃತ್ತಿ ಇನ್ನೊಂದು ಸಾಲಾಗಿ ನಿಂತಿದ್ದರೆ ಸೈಟೇಷನ್ ಒಡೆದುಹೋಗುತ್ತದೆ. ಎರಡನ್ನೂ ಟಿಕ್ ಮಾಡಿ ಮರ್ಜ್ ಮಾಡಬೇಕು. ಬೇರೆಯವರ ಪೇಪರ್ ಕಂಡರೆ ಅಳಿಸಿಬಿಡಿ, ಎಷ್ಟೇ ಸೈಟೇಷನ್ ಇರಲಿ. ಸಮಿತಿಯಲ್ಲಿ ಯಾರಾದರೊಬ್ಬರು ಅದನ್ನು ಹಿಡಿದರೆ ಉಳಿದ ಪಟ್ಟಿಯ ಮೇಲೂ ನಂಬಿಕೆ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಕೊಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಪೇಪರ್‌ಗಳನ್ನು ಸೈಟೇಷನ್‌ನ ಇಳಿಕೆ ಕ್ರಮದಲ್ಲಿ ಜೋಡಿಸಿ ಕ್ರಮಸಂಖ್ಯೆ ಹಾಕುತ್ತಾ ಹೋಗಬೇಕು. ಯಾವ ಸಾಲಿನವರೆಗೆ ಸೈಟೇಷನ್ ಕ್ರಮಸಂಖ್ಯೆಗಿಂತ ಕಡಿಮೆಯಾಗುವುದಿಲ್ಲವೋ ಆ ಸಾಲಿನ ಸಂಖ್ಯೆಯೇ ಎಚ್. ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬರ 12 ಪೇಪರ್‌ಗಳ ಸೈಟೇಷನ್ ಹೀಗಿದೆ ಎನ್ನಿ: 210, 64, 41, 22, 17, 12, 9, 8, 8, 5, 3, 1. ಎಂಟನೆಯದಕ್ಕೆ 8 ಇದೆ, ಒಂಬತ್ತನೆಯದಕ್ಕೂ 8 ಮಾತ್ರ. ಆದ್ದರಿಂದ ಎಚ್ 8. ಒಟ್ಟು ಸೈಟೇಷನ್ 400, ಸರಾಸರಿ 33ಕ್ಕಿಂತ ತುಸು ಹೆಚ್ಚು, ಆದರೆ ಮಧ್ಯಾಂಕ 10.5. ಸರಾಸರಿಯನ್ನು ಮೇಲೆತ್ತಿದ್ದು ಒಂದೇ ಒಂದು ಪೇಪರ್.

ಇದೇ ಪಟ್ಟಿಯಲ್ಲಿ ಮೊದಲ ಪೇಪರ್‌ನ 210 ಅನ್ನು 2,000 ಮಾಡಿ: ಎಚ್ ಕದಲುವುದಿಲ್ಲ, 8ರಲ್ಲೇ ಇರುತ್ತದೆ. ಇನ್ನೊಂದು ಕಡೆ, ಆ ಸಂಶೋಧಕರೇ ಹೊಸ ಪೇಪರ್ ಬರೆದು ತಮ್ಮ ಎಂಟನೆಯ ಮತ್ತು ಒಂಬತ್ತನೆಯ ಪೇಪರ್ ಎರಡನ್ನೂ ಉಲ್ಲೇಖಿಸಿದರೆ ಎರಡೂ 9 ಆಗುತ್ತವೆ, ಎಚ್ 9ಕ್ಕೆ ಏರುತ್ತದೆ. ಜಗತ್ತು ಸಾವಿರಾರು ಸಲ ಬಳಸಿದ ಕೆಲಸಕ್ಕೆ ಮಿಸುಕದ ಅಂಕಿ, ಜಾಗ ನೋಡಿ ಹಾಕಿಕೊಂಡ ಎರಡು ಸ್ವಂತ ಸೈಟೇಷನ್‌ಗೆ ಏರಿಬಿಡುತ್ತದೆ. ಸ್ವಂತ ಸೈಟೇಷನ್ ತಾನಾಗಿ ಕೆಟ್ಟದ್ದಲ್ಲ, ಒಂದೇ ವಿಷಯವನ್ನು ಮುಂದುವರಿಸುವವರು ತಮ್ಮ ಹಿಂದಿನ ಕೆಲಸವನ್ನು ಹೇಳಲೇಬೇಕು. ಸ್ಕೋಪಸ್‌ನಲ್ಲಿ ಸ್ವಂತ ಸೈಟೇಷನ್ ಬಿಟ್ಟು ಎಚ್ ನೋಡುವ ಸೌಲಭ್ಯ ಇದೆ. ಎರಡರ ನಡುವಿನ ಅಂತರ ದೊಡ್ಡದಿದ್ದರೆ ಮಾತ್ರ ಪೇಪರ್‌ಗಳನ್ನು ತೆರೆದು ನೋಡಬೇಕು.

ಒಂದು ಕ್ಷೇತ್ರದ ಎಚ್ ಅನ್ನು ಇನ್ನೊಂದರ ಪಕ್ಕ ಇಡುವುದಂತೂ ಶುದ್ಧ ತಪ್ಪು. ಹಿರ್ಷ್ ಅವರ ಆ ಪೇಪರ್‌ನಲ್ಲೇ ಭೌತವಿಜ್ಞಾನಿಗಳಲ್ಲಿ ಮೊದಲಿಗರಾದ ಎಡ್ವರ್ಡ್ ವಿಟ್ಟನ್ ಅವರದ್ದು 110, ಜೀವವಿಜ್ಞಾನದಲ್ಲಿ ಮೊದಲಿಗರಾದ ಸಾಲೊಮನ್ ಸ್ನೈಡರ್ ಅವರದ್ದು 191. ಮೆಡಿಕಲ್ ಕಾಲೇಜಿನ ಒಳಗೂ ಇದೇ ಕಥೆ. ಕ್ಯಾನ್ಸರ್ ಜೀವವಿಜ್ಞಾನದಲ್ಲಿ ಉಲ್ಲೇಖಿಸುವವರ ಗುಂಪು ದೊಡ್ಡದು, ಅಂಗರಚನಾಶಾಸ್ತ್ರದಲ್ಲಿ ಚಿಕ್ಕದು. ವಯಸ್ಸಿನ ಲೆಕ್ಕವೂ ಇದೆ: ವರ್ಷ ಕಳೆದಂತೆ ಎಚ್ ಇಳಿಯುವುದಿಲ್ಲ, ಸುಮ್ಮನೆ ಕೂತರೂ ಏರಬಹುದು. ಜೊತೆಗೆ ಡೇಟಾಬೇಸ್ ಬದಲಾದರೆ ಎಚ್ ಬದಲಾಗುತ್ತದೆ. ಥೀಸಿಸ್, ಪ್ರಿಪ್ರಿಂಟ್, ಪುಸ್ತಕ ಎಲ್ಲವನ್ನೂ ಎಣಿಸುವ ಗೂಗಲ್ ಸ್ಕಾಲರ್‌ನಲ್ಲಿ ಅದು ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚಿರುತ್ತದೆ.

ಈ ಕ್ಷೇತ್ರಭೇದವನ್ನು ತಕ್ಕಮಟ್ಟಿಗೆ ಸರಿದೂಗಿಸುವ ಅಳತೆ ಒಂದಿದೆ, ನಮ್ಮಲ್ಲಿ ಅದನ್ನು ಬಳಸುವವರು ಕಡಿಮೆ ಎಂಬುದು ಬೇಸರ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ‘ಐಸೈಟ್’ ಎಂಬ ಉಚಿತ ತಾಣಕ್ಕೆ ಪಬ್‌ಮೆಡ್ ಸಂಖ್ಯೆಗಳ ಪಟ್ಟಿ ಕೊಟ್ಟರೆ ಪ್ರತಿ ಪೇಪರ್‌ಗೂ ಆರ್‌ಸಿಆರ್ (ರಿಲೇಟಿವ್ ಸೈಟೇಷನ್ ರೇಷಿಯೊ) ಎಂಬ ಅಂಕಿ ಬರುತ್ತದೆ. ಆ ಪೇಪರ್ ಜೊತೆ ಸೇರಿ ಉಲ್ಲೇಖವಾಗುವ ಇತರ ಪೇಪರ್‌ಗಳನ್ನೇ ಅದರ ಕ್ಷೇತ್ರ ಎಂದು ಹಿಡಿದು ಲೆಕ್ಕ ಮಾಡುತ್ತಾರೆ. 1.0 ಎಂದರೆ ಎನ್‌ಐಎಚ್ ಹಣದಲ್ಲಿ ನಡೆದ ಆ ಕ್ಷೇತ್ರದ ಕೆಲಸಗಳ ಮಧ್ಯಮ ಮಟ್ಟ. ಪಬ್‌ಮೆಡ್‌ನಲ್ಲಿ ಇಲ್ಲದ ಪೇಪರ್ ಇಲ್ಲಿ ಲೆಕ್ಕಕ್ಕಿಲ್ಲ, ತೀರಾ ಹೊಸ ಪೇಪರ್‌ನ ಅಂಕಿ ನೆಚ್ಚುವಂಥದ್ದಲ್ಲ.

ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನ ಅಂಕಿ, ವ್ಯಕ್ತಿಯದ್ದಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಜರ್ನಲ್ ಪ್ರಕಟಿಸಿದ್ದಕ್ಕೆ ಈ ವರ್ಷ ಬಂದ ಸೈಟೇಷನ್‌ಗಳನ್ನು ಆ ಎರಡು ವರ್ಷಗಳ ಸಂಶೋಧನಾ ಲೇಖನ ಮತ್ತು ವಿಮರ್ಶಾ ಲೇಖನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಎಂಬ ಜರ್ನಲ್‌ನದ್ದು 2ರ ಆಸುಪಾಸಿನಲ್ಲಿತ್ತು, 2009ರಲ್ಲಿ 49.9ಕ್ಕೆ ಹಾರಿತು. ಕಾರಣ ಒಂದೇ ಪೇಪರ್: ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ತಮ್ಮ ಶೆಲ್ಎಕ್ಸ್ ಸಾಫ್ಟ್‌ವೇರ್ ಬಗ್ಗೆ ಬರೆದದ್ದು. ಎರಡು ವರ್ಷದ ಕಿಟಕಿಯಿಂದ ಅದು ಆಚೆ ಹೋದದ್ದೇ ತಡ, 2011ರಲ್ಲಿ ಜರ್ನಲ್ ಮತ್ತೆ 2ಕ್ಕೆ ಬಂತು. ಆ ನಡುವೆ ಅಲ್ಲಿ ಪ್ರಕಟಿಸಿದ ಉಳಿದವರ ಕೆಲಸ ಒಂದು ಕೂದಲಷ್ಟೂ ಬದಲಾಗಿರಲಿಲ್ಲ. ಹಾಗಿದ್ದೂ ಪೇಪರ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿಸಿ ‘ಒಟ್ಟು ಇಷ್ಟು’ ಎಂದು ಸಿವಿಯಲ್ಲಿ ಬರೆಯುವ ರೂಢಿ ಇದೆ. ಆ ಮೊತ್ತಕ್ಕೆ ಅರ್ಥವೇ ಇಲ್ಲ.

ಸೈಟೇಷನ್ ಹೆಚ್ಚಿದ್ದರೆ ಯಾಕೆ ಎಂದೂ ನೋಡಬೇಕು. ಪ್ರೋಟೀನ್ ಪ್ರಮಾಣ ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪೇಪರ್‌ಗೆ ಮೂರು ಲಕ್ಷಕ್ಕೂ ಮಿಕ್ಕಿ ಸೈಟೇಷನ್ ಇದೆ. ಲ್ಯಾಬ್‌ನಲ್ಲಿ ಆ ವಿಧಾನ ಬಳಸಿದವರೆಲ್ಲ ಹೆಸರಿಸಿದ್ದರ ಫಲ ಅದು. ಎಂಎಂಆರ್ ಲಸಿಕೆ ಮತ್ತು ಆಟಿಸಂ ಬಗ್ಗೆ 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದು 2010ರಲ್ಲಿ ಹಿಂಪಡೆದ ಪೇಪರ್‌ಗೂ ರಾಶಿ ಸೈಟೇಷನ್ ಇದೆ, ತಪ್ಪು ಎಂದು ಹೇಳಲು ಉಲ್ಲೇಖಿಸಿದವರನ್ನೂ ಸೇರಿಸಿ. ಇತ್ತ, ಎಂಆರ್‌ಎನ್‌ಎ ಲಸಿಕೆಗೆ ದಾರಿ ಮಾಡಿದ ಕಾರಿಕೋ ಮತ್ತು ವೈಸ್‌ಮನ್ ಅವರ ಪೇಪರ್ 2005ರದ್ದು, ನೊಬೆಲ್ ಬಂದದ್ದು 2023ರಲ್ಲಿ. ತು ಯೂಯೂ ತಂಡ ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಬಗ್ಗೆ 1977ರಲ್ಲಿ ಚೀನೀ ಭಾಷೆಯಲ್ಲಿ ಪ್ರಕಟಿಸಿದ ವರದಿಯಲ್ಲಿ ವ್ಯಕ್ತಿಗಳ ಹೆಸರೇ ಇರಲಿಲ್ಲ, ಗುಂಪಿನ ಹೆಸರಷ್ಟೇ. ಅವರಿಗೆ 2015ರಲ್ಲಿ ನೊಬೆಲ್ ಬಂತು. ಯಾವ ಎಚ್-ಇಂಡೆಕ್ಸ್ ಅದನ್ನು ಹೇಳೀತು?

ಇನ್ನು ಲೇಖಕರ ಸಾಲು. ಬಯೋಮೆಡಿಕಲ್ ಪೇಪರ್‌ನಲ್ಲಿ ಮೊದಲ ಹೆಸರು ಬಹುಪಾಲು ಕೆಲಸ ಮಾಡಿದವರದ್ದು, ಕೊನೆಯದು ಲ್ಯಾಬ್ ನಡೆಸುವವರದ್ದು. ಮಧ್ಯದಲ್ಲಿರುವವರು ಏನು ಮಾಡಿದರು ಎಂಬುದು ಪೇಪರ್‌ನ ಕೊನೆಯ ಲೇಖಕರ ಕೊಡುಗೆ ಭಾಗದಲ್ಲಿ ಇರುತ್ತದೆ. ನೂರು ಲೇಖಕರ ಬಹುಕೇಂದ್ರ ಅಧ್ಯಯನದಲ್ಲಿ ಹೆಸರಿದ್ದರೆ ಅದರ ಸೈಟೇಷನ್ ಪೂರ್ತಿಯಾಗಿ ಪ್ರತಿಯೊಬ್ಬರಿಗೂ ಸೇರುತ್ತದೆ. ಅಂಥವನ್ನು ಬೇರೆ ಪಟ್ಟಿಯಲ್ಲಿ ಕೊಡುವುದು ಒಳ್ಳೆಯದು.

ಸಿವಿಯಲ್ಲಿ ಎಚ್ ಬರೆಯಲೇಬೇಕಾದರೆ ಪಕ್ಕದಲ್ಲೇ ಡೇಟಾಬೇಸ್‌ನ ಹೆಸರು ಮತ್ತು ನೋಡಿದ ದಿನಾಂಕ ಇರಲಿ. ಅದರ ಕೆಳಗೆ ಐದು ಪೇಪರ್, ಒಂದೊಂದಕ್ಕೂ ಎರಡು ಸಾಲು: ಏನು ಕಂಡುಕೊಂಡಿರಿ, ಅದರಲ್ಲಿ ನಿಮ್ಮ ಪಾಲು ಎಷ್ಟು, ಆಮೇಲೆ ಯಾರು ಅದನ್ನು ಬಳಸಿದರು. ಸಮಿತಿಯವರು ಪ್ರಶ್ನೆ ಕೇಳುವುದು ಆ ಹತ್ತು ಸಾಲುಗಳ ಮೇಲೆಯೇ ಆಗುವಂತೆ ಅವನ್ನು ಮೊದಲ ಪುಟದಲ್ಲಿಡಿ.