ಹೊಕುರ್ಯುವಿನ ಸೂರ್ಯಕಾಂತಿ ಹೊಲದಲ್ಲಿ ಅಪ್ಪ

3 ಆಗಸ್ಟ್ 2024, ಶನಿವಾರ
ಸಪ್ಪೊರೊ

ಅಪ್ಪನಿಗೆ ಜಪಾನಿನ ಹೊಕ್ಕೈದೊ ದ್ವೀಪದಲ್ಲಿ ಏನು ತೋರಿಸಬೇಕು ಅಂತ ಜಾಸ್ತಿ ಯೋಚಿಸುವ ಅಗತ್ಯವೇ ಬರಲಿಲ್ಲ. ಗುಂಡ್ಲುಪೇಟೆ ಕಡೆ ಇಷ್ಟು ವರ್ಷ ಸೂರ್ಯಕಾಂತಿ ಬೆಳೆದ ಮನುಷ್ಯ. ಆಗಸ್ಟಿನಲ್ಲಿ ಇಲ್ಲಿಗೆ ಬಂದರೆ ಹೊಕುರ್ಯುವಿನ ಸೂರ್ಯಕಾಂತಿ ಹಬ್ಬಕ್ಕೇ ಕರೆದುಕೊಂಡು ಹೋಗಬೇಕು. ಊರಲ್ಲಿ ಕಟಾವು ಮುಗಿಸಿಯೇ ಬಂದಿದ್ದರಿಂದ ಅವರೂ ನಿರಾಳವಾಗಿದ್ದರು. ಬೆಳಿಗ್ಗೆ ಬೇಗ ಎದ್ದು ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿಕೊಂಡು ಹೊರಟೆವು.

ಸಪ್ಪೊರೊದಿಂದ ಉತ್ತರಕ್ಕೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ತಕಿಕಾವಾದಲ್ಲಿ ಎಕ್ಸ್‌ಪ್ರೆಸ್‌ವೇ ಬಿಟ್ಟು 275ನೇ ನಂಬರಿನ ಹೆದ್ದಾರಿ ಹಿಡಿದರೆ ಎರಡೂ ಕಡೆ ಭತ್ತದ ಗದ್ದೆ. ಇದು ಸೊರಾಚಿ ಸೀಮೆ, ಹೊಕ್ಕೈದೊದ ಅಕ್ಕಿಯ ಕಣಜ. "ಇಲ್ಲಿ ಅಷ್ಟೊಂದು ಹಿಮ ಬೀಳ್ತದೆ ಅಂತೀಯಲ್ಲವ್ವ, ಭತ್ತ ಹೆಂಗೆ ಬತ್ತದೆ?" ಅಂತ ಅಪ್ಪ ಕೇಳಿದರು. ವರ್ಷಕ್ಕೆ ಒಂದೇ ಬೆಳೆ, ಮೇ ಕೊನೆಯ ಹೊತ್ತಿಗೆ ನಾಟಿ, ಸೆಪ್ಟೆಂಬರಿನಲ್ಲಿ ಕೊಯ್ಲು ಅಂದೆ. ಆಮೇಲೆ ಹೊಕುರ್ಯು ಬರೋವರೆಗೂ ಅವರ ಕಣ್ಣು ಗದ್ದೆ ಬದುಗಳ ಮೇಲೇ ಇತ್ತು.

ಹೊಕುರ್ಯುವಿನಲ್ಲಿ ಎರಡು ಸಾವಿರ ಜನವೂ ಇಲ್ಲ. ಅಲ್ಲಿನ 'ಹಿಮವಾರಿ ನೊ ಸಾತೊ' ಅನ್ನುವ ಜಾಗದಲ್ಲಿ, ಇಳಿಜಾರಿನ ಉದ್ದಕ್ಕೂ, ಸುಮಾರು 23 ಹೆಕ್ಟೇರ್ ಸೂರ್ಯಕಾಂತಿ. 20 ಲಕ್ಷ ಗಿಡ ಅಂತಾರೆ. ಮೇಲೆ ನಿಂತು ನೋಡಿದರೆ ಹಳದಿ ಬಿಟ್ಟು ಬೇರೆ ಬಣ್ಣ ಕಾಣಲ್ಲ. ನನಗೆ ಮಾತೇ ಹೊರಡಲಿಲ್ಲ. ಅಪ್ಪ ಮಾತ್ರ ಲೆಕ್ಕಕ್ಕೆ ಇಳಿದರು. "23 ಹೆಕ್ಟೇರ್ ಅಂದ್ರೆ 57 ಎಕರೆ. ಎಕರೆಗೆ 35 ಸಾವಿರ ಗಿಡ ಆಯ್ತು. ನಾವು ಎರಡಡಿ ಸಾಲು, ಒಂದಡಿಗೆ ಒಂದು ಗಿಡ ಬಿಡ್ತೀವಿ, 22 ಸಾವಿರದ ಒಳಗೇ ನಿಲ್ತದೆ. ಇವರದ್ದು ಒತ್ತು ಬಿತ್ತನೆ. ಹೂ ಚಿಕ್ಕದಾಗ್ತದೆ, ಆದ್ರೆ ನೋಡೋಕೆ ಮಧ್ಯೆ ಸಂದು ಇರಲ್ಲ." ಹಬ್ಬ ನಡೆಯುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ ದಾಟುವವರೆಗೆ. ಅಷ್ಟೂ ದಿನ ಒಂದಲ್ಲ ಒಂದು ಕಡೆ ಹೂ ಇರಲಿ ಅಂತ ಒಂದೇ ಸಲ ಬಿತ್ತದೆ ಹಂತ ಹಂತವಾಗಿ ಬಿತ್ತುತ್ತಾರೆ. ಅಪ್ಪನಿಗೆ ಇದು ಬಹಳ ಹಿಡಿಸಿತು. "ನಮ್ಮದು ಮಳೆ ನಂಬಿದ ಹೊಲ ಕಣವ್ವ, ಹದ ಸಿಕ್ಕಿದಾಗ ಎಲ್ರೂ ಒಟ್ಟಿಗೇ ಬಿತ್ತಬೇಕು" ಅಂದರು.

ಸೂರ್ಯಕಾಂತಿ ನೋಡೋಕೆ ಬೆಳಿಗ್ಗೆಯೇ ಹೋಗಬೇಕು. ಮೊಗ್ಗಿನ ಕಾಲದಲ್ಲಿ ಗಿಡ ಸೂರ್ಯನ ಹಿಂದೆ ತಿರುಗುತ್ತದೆ, ಹೂ ಅರಳಿದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಪೂರ್ವಕ್ಕೆ ನೋಡುವ ಹೂ ಬೇಗ ಬೆಚ್ಚಗಾಗುತ್ತದೆ, ಬೆಚ್ಚಗಿದ್ದ ಹೂವಿಗೆ ಜೇನು ಜಾಸ್ತಿ ಬರುತ್ತದೆ.

ಅಪ್ಪ ದಾರಿಯ ಅಂಚಿನ ಒಂದು ಹೂವಿನ ಮುಂದೆ ಬಗ್ಗಿ ನನ್ನನ್ನೂ ಕರೆದರು. ತಟ್ಟೆಯ ಹೊರ ಸುತ್ತಿನ ಸಣ್ಣ ಹೂಗಳು ಬಾಡಿ ಕಂದಾಗಿದ್ದವು. ಅದರ ಒಳಗೆ ಬೆರಳಗಲದ ಒಂದು ಉಂಗುರದಲ್ಲಿ ಮಾತ್ರ ಹಳದಿ ಪರಾಗ ಉದುರುತ್ತಿತ್ತು. ನಡುವೆ ಇನ್ನೂ ಬಾಯಿ ಬಿಡದ ಹಸಿರು ಮೊಗ್ಗು. ಎರಡು ಜೇನು ಆ ಉಂಗುರ ಬಿಟ್ಟು ಆಚೆ ಈಚೆ ಹೋಗದೆ ಅದರ ಮೇಲೇ ಸುತ್ತುತ್ತಿದ್ದವು, ಕಾಲಿನ ತುಂಬ ಪರಾಗ. ಜೇನು ಬಾರದ ವರ್ಷಗಳಲ್ಲಿ ಅಪ್ಪ, ಅವ್ವ ಇಬ್ಬರೂ ಕೈಗೆ ತೆಳು ಬಟ್ಟೆ ಸುತ್ತಿಕೊಂಡು ಒಂದೊಂದೇ ಹೂ ಸವರುತ್ತಿದ್ದರು. ಹಾಗೆ ಪರಾಗ ದಾಟಿಸದಿದ್ದರೆ ಕಾಳು ಜೊಳ್ಳು. ಅದನ್ನು ನೆನೆಸಿಕೊಂಡು, "ಇಲ್ಲಿ ಜೇನು ಚೆನ್ನಾಗವೆ" ಅಂದರು. ಆಮೇಲೆ ಸುತ್ತ ನೋಡಿ, "ಗಿಣಿ ಕಾಟ ಇಲ್ವಾ? ಯಾರೂ ಕಾಯ್ತಿಲ್ಲ!" ಅಂತ ಆಶ್ಚರ್ಯಪಟ್ಟರು.

ಈ ಹಬ್ಬದ ಹಿಂದಿನ ಕತೆ ನನಗೆ ತುಂಬಾ ಇಷ್ಟ. 1979ರಲ್ಲಿ ಇಲ್ಲಿನ ಕೃಷಿ ಸಹಕಾರ ಸಂಘದ ಸಿಬ್ಬಂದಿಯೊಬ್ಬರು ಯುರೋಪಿಗೆ ಅಧ್ಯಯನಕ್ಕೆ ಹೋದವರು ಆಗಿನ ಯುಗೊಸ್ಲಾವಿಯಾದ ಬೆಲ್‌ಗ್ರೇಡ್ ವಿಮಾನ ನಿಲ್ದಾಣದ ಸುತ್ತ ಸೂರ್ಯಕಾಂತಿ ಹೊಲ ನೋಡಿದರು. ಅವರು ಬಂದು ಹೇಳಿದ್ದನ್ನು ಕೈಗೆತ್ತಿಕೊಂಡವರು ಸಂಘದ ಹೆಂಗಸರು. ಮನೆಗೊಂದು 'ಆರ್' ಸೂರ್ಯಕಾಂತಿ ಬೆಳೆಯೋಣ, ಮನೆಯವರ ಆರೋಗ್ಯಕ್ಕೆ ಒಳ್ಳೇದು ಅಂತ ಶುರು ಮಾಡಿದರು. ಒಂದು ಆರ್ ಅಂದರೆ 100 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಗುಂಟೆ. ಮನೆಗೊಂದು ಗುಂಟೆಯಿಂದ ಶುರುವಾಗಿದ್ದು 1987ರಲ್ಲಿ ಹಬ್ಬವಾಯಿತು. ದೊಡ್ಡ ಕಂಪನಿ ಬಂದು ಮಾಡಿದ್ದಲ್ಲ, ಭತ್ತ ಬೆಳೆಯುವ ಮನೆಗಳು ಮಾಡಿದ್ದು. ಈಗಲೂ ಊರಿನ ಮಿಡಲ್ ಸ್ಕೂಲ್ ಮಕ್ಕಳು ಹೊಲದ ಒಂದು ಭಾಗದಲ್ಲಿ ಬೇರೆ ಬೇರೆ ದೇಶದ ತಳಿಗಳನ್ನು ಬೆಳೆಸುತ್ತಾರೆ. ಕಡುಕೆಂಪು, ಕೆನೆ ಬಣ್ಣ, ಎಸಳು ಒತ್ತೊತ್ತಾಗಿರುವ ಚೆಂಡಿನಂಥ ಹೂ, ಎಲ್ಲಾ ಇವೆ. ನೀವು ಹೋದರೆ ಆ ಭಾಗ ಬಿಡಬೇಡಿ.

ಮಧ್ಯಾಹ್ನ ಮರದ ನೆರಳಲ್ಲಿ ಪುಳಿಯೋಗರೆ. ಮೇಲೆ ಇಲ್ಲಿಯದೇ ಹಳದಿ ತಿರುಳಿನ ಕಲ್ಲಂಗಡಿ, ಸಕ್ಕರೆ ಸಿಹಿ.

ಹಬ್ಬ ಮುಗಿದ ಮೇಲೆ ಈ ಗಿಡಗಳನ್ನೆಲ್ಲ ಉತ್ತು ಮಣ್ಣಿಗೇ ಸೇರಿಸುತ್ತಾರೆ, ಹಸಿರು ಗೊಬ್ಬರ ಆಗುತ್ತದೆ ಅಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. 57 ಎಕರೆ ಕಾಳು ಬಿಡೋದು ಅಂದರೆ ಅವರಿಗೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಎಣ್ಣೆಗೆ ಅಂತ ಊರಿನಲ್ಲಿ ಬೇರೆಯೇ ಬೆಳೆಯುತ್ತಾರೆ. ಆ ಎಣ್ಣೆಯ ಸಣ್ಣ ಬಾಟಲಿ ಅಂಗಡಿಯಲ್ಲಿ ಸಿಕ್ಕಿತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿ, ಅವ್ವನಿಗೆ ಅಂತ ತೆಗೆದುಕೊಂಡರು.

ಅಪ್ಪನ ಮನಸ್ಸಿನಲ್ಲಿ ಉಳಿದದ್ದು ಹೊಲದೊಳಗಿನ ದಾರಿಗಳು. ಅಗಲವಾಗಿ ಬಿಟ್ಟಿದ್ದಾರೆ. ಅಷ್ಟು ಜನ ಬಂದರೂ ಗಿಡ ತುಳಿದದ್ದು ಕಾಣಲಿಲ್ಲ. ನಮ್ಮ ಕಡೆ ಹೂವಿನ ಕಾಲದಲ್ಲಿ ಮೈಸೂರು–ಊಟಿ ರಸ್ತೆಯ ಕಾರುಗಳೆಲ್ಲ ಹೊಲದ ಪಕ್ಕ ನಿಲ್ಲುತ್ತವೆ. ಫೋಟೋಗೆ ಅಂತ ಒಳಗೆ ನುಗ್ಗಿದವರ ಕಾಲಿಗೆ ಸಾಲುಗಳೇ ಮುರಿಯುತ್ತವೆ. ರೈತರು ಅಷ್ಟೋ ಇಷ್ಟೋ ದುಡ್ಡು ಕೇಳಿದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಬೆಳೆದವರು ಕೇಳೋದು ನ್ಯಾಯವೇ ಅಂತ ನನ್ನ ಅಭಿಪ್ರಾಯ.

ವಾಪಸ್ ಬರುವಾಗ ಕಾರಿನಿಂದಲೇ ಅಪ್ಪ ನನ್ನ ತಮ್ಮನಿಗೆ ಫೋನ್ ಮಾಡಿದರು. ಮುಂದಿನ ವರ್ಷ ರಸ್ತೆ ಬದಿಯ ತುಂಡಿನಲ್ಲಿ ಹತ್ತು ಸಾಲಿಗೊಂದು ಓಡಾಡೋ ದಾರಿ ಬಿಡಬೇಕಂತೆ, ಬಾಯಲ್ಲಿ ಒಂದು ಬೋರ್ಡ್ ಹಾಕಬೇಕಂತೆ. ಗಿಡ ಕಮ್ಮಿ ಆಗ್ತದಲ್ಲಪ್ಪ ಅಂತ ತಮ್ಮ ತಕರಾರು ತೆಗೆದ. ಎಷ್ಟು ಕಮ್ಮಿ ಆಗ್ತದೆ, ಟಿಕೆಟಿನಿಂದ ಎಷ್ಟು ಬತ್ತದೆ ಅಂತ ತಕಿಕಾವಾ ದಾಟುವವರೆಗೂ ಇಬ್ಬರೂ ವಾದ ಮಾಡುತ್ತಲೇ ಇದ್ದರು.